ಕುಪ್ಪೇಲೂರಿನ ನೇರಳೆ ಅಣಬೆ

ಭಾನುವಾರ ಹನ್ನೆರಡೂವರೆಗೆ ಫೋನು ಬಂದಾಗ ಸುಚಿತ್ರಾ ರಾಣೆಬೆನ್ನೂರಿನ ತನ್ನ ಬಾಡಿಗೆ ಕೋಣೆಯಲ್ಲಿ ಕುಕ್ಕರಿನ ಮೂರನೆಯ ಸೀಟಿಗೆ ಕಾಯುತ್ತ ನಿಂತಿದ್ದಳು. ಫೋನಿನಲ್ಲಿ ಸುಮಯ್ಯಾಳ ಹೆಸರಿತ್ತು. ಹೋದ ವರ್ಷ ಬಿ.ಎಸ್ಸಿ. ಮುಗಿಸಿದ ಬ್ಯಾಡಗಿಯ ಹುಡುಗಿ. ಅತಿಥಿ ಉಪನ್ಯಾಸಕಿಯಾಗಿ ಸುಚಿತ್ರಾ ಸಸ್ಯಶಾಸ್ತ್ರ ಕಲಿಸಿದ ನಾಲ್ಕು ವರ್ಷಗಳಲ್ಲಿ, ಗಂಟೆ ಹೊಡೆದ ಮೇಲೂ ಪ್ರಶ್ನೆ ಕೇಳಲು ತರಗತಿಯಲ್ಲಿ ಉಳಿಯುತ್ತಿದ್ದವಳು ಇವಳೊಬ್ಬಳೇ.

“ಮೇಡಂ, ನಮ್ಮ ಅಮ್ಮಿ ಎಣ್ಣಿ ಕುಡದಾಳ್ರಿ.”

ಈ ಸೀಮೆಯಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕಕ್ಕೂ ಎಣ್ಣೆ ಎಂದೇ ಹೆಸರು. ಕುಡಿದರು ಎಂದು ಕೇಳಿದವರು ಯಾವುದನ್ನು ಎಂದು ವಿಚಾರಿಸುವುದಿಲ್ಲ, ಯಾಕೆ ಎಂದಷ್ಟೇ ವಿಚಾರಿಸುತ್ತಾರೆ. ಸುಚಿತ್ರಾಳಿಗೆ ಅದನ್ನೂ ಕೇಳಲು ಬಾಯಿ ಬರಲಿಲ್ಲ. ಅವಳ ಸ್ವಭಾವವೇ ಹಾಗೆ. ಮಾತು ಬೇಕಾದ ಕಡೆ ಅವಳಲ್ಲಿ ಮೊದಲು ಒಂದು ಖಾಲಿ ಜಾಗ ಹುಟ್ಟುತ್ತಿತ್ತು, ಅದರಲ್ಲಿ ಅವಳು ಬೇಕಾದಷ್ಟು ಹೊತ್ತು ನಿಂತಿರಬಲ್ಲಳು.

ಸುಮಯ್ಯಾಳೇ ಮುಂದುವರಿಸಿದಳು. ಹಾವೇರಿಯ ಒಂದು ನರ್ಸಿಂಗ್ ಹೋಮಿನಲ್ಲಿ ಇದ್ದೇವೆ ಎಂದಳು. ಅಮ್ಮಿ ಬೆಳಿಗ್ಗೆ ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. ಕಣ್ಣು, ಮೂಗು ಸುರಿಯುತ್ತಿದ್ದವು, ಮೈ ಬೆವತಿತ್ತು. ಅದರಲ್ಲಿ ಯಾರಿಗೂ ಏನೂ ಅನಿಸಲಿಲ್ಲ. ತೊಟ್ಟು ಬಿಡಿಸುವ ಹೆಂಗಸರ ಕಣ್ಣು, ಮೂಗು ದಿನವೂ ಸುರಿಯುತ್ತವೆ. ಘಾಟು ಎಂದುಕೊಂಡರು. ಅಮ್ಮಿಯೂ ಘಾಟೇ ಎಂದುಕೊಂಡಳು. ಒಂದು ತಾಸು ಹಾಗೇ ಹೋಯಿತು. ಬಾಯಿಂದ ಜೊಲ್ಲು ಸೀರೆಯ ಮೇಲೆ ಸುರಿದು, ಚೀಲದ ಮೇಲೆ ಮಗ್ಗುಲಾಗಿ ಬಿದ್ದ ಮೇಲೆಯೇ ಅಬ್ಬಾ ಗಾಬರಿಯಾಗಿದ್ದು.

“ಕಣ್ಣಾಗಿನ ಗೊಂಬಿ ಸಾಸಿವಿ ಕಾಳಿನಷ್ಟ ಆಗ್ಯಾವಂತ್ರಿ. ಬಾಯಾಗ ಬೆಳ್ಳುಳ್ಳಿ ವಾಸನಿ ಬರತೈತಿ. ಡಾಕ್ಟರು ನೋಡಿದ ಕೂಡಲೆ ಎಣ್ಣಿ ಅಂದ್ರು. ಅಬ್ಬಾ ಬಾಟ್ಲಿ ತಂದಾನ್ರಿ, ಅರ್ಧಾ ಖಾಲಿ ಐತಿ. ಮದಲ ಎಷ್ಟಿತ್ತೋ ಯಾರಿಗೂ ನೆಪ್ಪಿಲ್ಲ. ಚೀಟಿ ಕಿತ್ತು ಹೋಗೇತಿ, ಫೋಟೋ ಕಳಸೇನಿ. ಏನ್ ಎಣ್ಣಿ ಅಂತ ಗುರ್ತ ಸಿಗತೈತೇನ್ರಿ ನಿಮಗ?”

“ಈಗ ಹ್ಯಾಂಗದಾರ?”

“ಇಂಜೆಕ್ಷನ್ ಮ್ಯಾಲ ಇಂಜೆಕ್ಷನ್ ಕೊಡಾಕತ್ತಾರ್ರಿ. ಏನೇನೋ ಬಡಬಡಸಾಕತ್ತಾಳ. ರಾತ್ರಿ ಅಬ್ಬಾನ ಜೋಡಿ ಭಾಳ ಜಗಳಾ ಮಾಡಿದ್ಲು. ನನ್ನ ಸಲುವಾಗಿ. ನಾ ಧಾರವಾಡಕ್ಕ ಎಂ.ಎಸ್ಸಿ.ಗೆ ಹೋಗ್ತೇನಿ ಅಂದದ್ದಕ್ಕ. ನಾ ಹಟಾ ಮಾಡಬಾರದಿತ್ರಿ ಮೇಡಂ.”

ಕುಕ್ಕರು ಕೂಗಿತು. ಸುಚಿತ್ರಾ ಒಲೆ ಆರಿಸಿದಳು. ಹಾಗೆ ಆರಿಸುವಾಗಲೇ ಆ ಪ್ರಶ್ನೆ ಬಂತು. ಅದನ್ನು ಕೇಳಿದ್ದು ಯಾಕೆ ಎಂದು ಆಮೇಲೆ ಯೋಚಿಸಿದರೂ ಅವಳಿಗೆ ಸರಿಯಾಗಿ ಹೊಳೆಯಲಿಲ್ಲ.

“ಮುಂಜಾನೆ ಏನು ತಿಂದಿದ್ರು?”

“ಏನಿಲ್ರಿ. ಜಗಳಾ ಆಗಿತ್ತಲ್ಲ, ಅಬ್ಬಾನೂ ಉಣಲಿಲ್ಲ, ನಾನೂ ಉಣಲಿಲ್ಲ. ಅಮ್ಮಿ ಒಬ್ಬಾಕೀನ ರೊಟ್ಟಿ ತಿಂದ್ಲು. ಆ ಅಣಬಿ ಪಲ್ಯಾ ಮಾಡ್ಕೊಂಡಿದ್ಲು, ನಿನ್ನಿ ನಿಮಗ ಫೋಟೋ ಕಳಿಸಿದ್ನೆಲ್ರಿ, ಅದನ್ನ. ನೀವು ಛಲೋ ಅದಾವು ಅಂದ್ರೆಲ್ಲ, ಖುಷಿ ಆಗಿದ್ಲು.”

ಯಾರೋ ಕರೆದರು. ಸುಮಯ್ಯಾ ಫೋನು ಇಟ್ಟಳು.

ಸುಚಿತ್ರಾ ನಿನ್ನೆಯ ಚಿತ್ರವನ್ನು ತೆರೆದಳು. ತೆರೆಯುವ ಮೊದಲೇ ಅದರಲ್ಲಿ ಏನಿದೆ ಎಂದು ಗೊತ್ತಿತ್ತು, ಏನಿಲ್ಲ ಎಂಬುದೂ ಗೊತ್ತಿತ್ತು.

ಸ್ಟೀಲಿನ ತಾಟಿನಲ್ಲಿ ಹರಡಿದ ಹದಿನೈದಿಪ್ಪತ್ತು ಪುಟ್ಟ ಅಣಬೆಗಳು. ಎಂಟಾಣೆ ನಾಣ್ಯದಷ್ಟಗಲದ ಕೊಡೆ, ಸಣ್ಣ ಕಾಲು, ಮೇಲಿಂದ ಕೆಳಗಿನವರೆಗೆ ಒಂದೇ ನೇರಳೆ ಬಣ್ಣ. ಈ ಭಾಗದಲ್ಲಿ ಯಾರೂ ಅಂಥ ಬಣ್ಣದ ಅಣಬೆ ತಿನ್ನುವುದಿಲ್ಲ, ಹೆಚ್ಚಿನವರು ನೋಡಿಯೂ ಇಲ್ಲ. ಸುಮಯ್ಯಾಳ ಅಮ್ಮಿ ಕುಲ್ಸುಮಬಿಯ ತಂಗಿ ಮುಮ್ತಾಜಬಿ ಕುಪ್ಪೇಲೂರಿನವಳು. ಅಲ್ಲಿಯ ನೀಲಗಿರಿ ತೋಪಿನಲ್ಲಿ ಉದುರೆಲೆಗಳ ನಡುವೆ ಕಂಡದ್ದನ್ನು ಸೆರಗಿನಲ್ಲಿ ತುಂಬಿಕೊಂಡು ಅಕ್ಕನ ಮನೆಗೆ ತಂದಿದ್ದಳು. ಚಂದಕ್ಕೆ ತಂದದ್ದು, ಅಡುಗೆಗಲ್ಲ. ಸುಮಯ್ಯಾ ಚಿತ್ರ ತೆಗೆದು, “ಇವು ತಿನ್ನೂವೇನ್ರಿ ಮೇಡಂ?” ಎಂದು ಬರೆದಿದ್ದಳು.

ಆಗ ಸುಚಿತ್ರಾ ನೆಂಟರ ಮನೆಯ ಬಸುರಿಯ ಕುಬಸದ ಗದ್ದಲದಲ್ಲಿ ಒಂದು ಮೂಲೆಗೆ ಕೂತಿದ್ದಳು. ಅಲ್ಲಿದ್ದ ಹೆಂಗಸರೆಲ್ಲ ಅವಳನ್ನು ಮದುವೆಯ ಬಗ್ಗೆ ಕೇಳಿದ್ದರು, ಕಾಯಂ ಕೆಲಸದ ಬಗ್ಗೆ ಕೇಳಿದ್ದರು. ಅವಳಿಗೆ ಗೊತ್ತಿರುವುದನ್ನು ಒಬ್ಬರೂ ಕೇಳಿರಲಿಲ್ಲ. ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದ ಬಣ್ಣ ಅಂಗೈಯಲ್ಲಿ ಬಂದು ಕೂತಾಗ ಎದೆ ಹಿಗ್ಗಿತು. ಒಂದು ನಿಮಿಷದೊಳಗೆ ಉತ್ತರ ಹೋಗಿತ್ತು: “ಲಕ್ಕಾರಿಯಾ ಇದು. ತಿನ್ನಬಹುದು. ಎಷ್ಟು ಚಂದ ಬಣ್ಣ ಅಲ್ಲಾ?”

ಈಗ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಎಲ್ಲ ಅಣಬೆಗಳೂ ಮೇಲ್ಮೊಗವಾಗಿದ್ದವು. ಒಂದರ ಅಡಿಯೂ ಕಾಣುತ್ತಿರಲಿಲ್ಲ. “ಮೊದಲು ಮಗುಚಿ ನೋಡ್ರಿ, ಆಮೇಲೆ ಹೆಸರು ಹೇಳ್ರಿ” ಎಂದು ಪ್ರತಿ ವರ್ಷ ಪ್ರಾಯೋಗಿಕ ತರಗತಿಯಲ್ಲಿ ಹೇಳುತ್ತಿದ್ದವಳು ತಾನೇ. ಲಕ್ಕಾರಿಯಾದ ಕೊಡೆಯ ಅಡಿಯ ಪದರಗಳು ದಪ್ಪ, ಒಂದಕ್ಕೊಂದು ದೂರ. ಅದೇ ಬಣ್ಣದ, ಅದೇ ಗಾತ್ರದ ಇನ್ನೊಂದಿದೆ, ಮೈಸಿನಾ. ಅದರ ಪದರಗಳು ತೆಳು, ಒತ್ತೊತ್ತಾಗಿರುತ್ತವೆ. ಮುರಿದರೆ ಹಸಿ ಮೂಲಂಗಿಯ ವಾಸನೆ. ತಿಂದವರು ಬೆವರುತ್ತಾರೆ, ಜೊಲ್ಲು ಸುರಿಸುತ್ತಾರೆ, ಕಣ್ಣೀರು ಹರಿಯುತ್ತದೆ, ಕಣ್ಣಿನ ಗೊಂಬೆ ಸಣ್ಣದಾಗುತ್ತದೆ. ಕೀಟನಾಶಕ ಕುಡಿದವರಿಗೂ ಹಾಗೆಯೇ ಆಗುತ್ತದೆ. ಕುಡಿದವರ ಬಾಯಲ್ಲಿ ಬೆಳ್ಳುಳ್ಳಿಯ ವಾಸನೆ ಇರುತ್ತದೆ ಎಂದು ವೈದ್ಯರು ಓದಿರುತ್ತಾರೆ. ಪಲ್ಯಕ್ಕೆ ಕುಲ್ಸುಮಬಿ ಎಷ್ಟು ಎಸಳು ಜಜ್ಜಿ ಹಾಕಿದ್ದಳೋ.

ಆದರೂ ಖಾತ್ರಿಯಿಲ್ಲ. ಲಕ್ಕಾರಿಯಾ ಇದ್ದರೂ ಇರಬಹುದು. ಖಾತ್ರಿಯಿಲ್ಲದೆ ಹೇಗೆ ಹೇಳುವುದು ಎಂದುಕೊಂಡಳು. ಹಾಗೆ ಅಂದುಕೊಂಡದ್ದು ಎಷ್ಟು ಹಾಯೆನಿಸಿತೆಂದರೆ, ಅದರ ಬಗ್ಗೆಯೇ ಅವಳಿಗೆ ಸಂಶಯ ಬಂತು. ಒಂದು ವೇಳೆ ಅದು ಲಕ್ಕಾರಿಯಾ ಆಗಿದ್ದರೆ ತಾನು ಬದುಕಿದೆ. ಆದರೆ ಕುಲ್ಸುಮಬಿ ಗಂಡ, ಮಗಳ ಎದುರು ಸಾಯಲು ಹೊರಟವಳು. ಅದು ಮೈಸಿನಾ ಆಗಿದ್ದರೆ ಆ ಮನೆಯಲ್ಲಿ ಯಾರ ತಪ್ಪೂ ಇಲ್ಲ, ಇರುವುದೆಲ್ಲ ತನ್ನದು. ಯಾವುದನ್ನು ಬಯಸಬೇಕು? ಅವಳು ಬಯಸಿದ್ದು ಲಕ್ಕಾರಿಯಾವನ್ನು. ಅನ್ನ ಬಡಿಸಿಕೊಳ್ಳದೆ, ಕೋಣೆಗೆ ಬೀಗ ಹಾಕಿ ಬಸ್ ನಿಲ್ದಾಣಕ್ಕೆ ನಡೆಯುತ್ತ, ಹೆಜ್ಜೆಗೊಮ್ಮೆ ಅದನ್ನೇ ಬಯಸಿದಳು.

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಬ್ಯಾಡಗಿಯ ಕಡೆಗೆ ತಿರುಗಿದ ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಮೆಣಸಿನಕಾಯಿಯ ವಾಸನೆ ಬರತೊಡಗಿತು. ಆಷಾಢ ಕಳೆದ ದಿನಗಳು, ಮಾರುಕಟ್ಟೆಯಲ್ಲಿ ಜೋರಿಲ್ಲ. ಆದರೂ ಕೋಲ್ಡ್ ಸ್ಟೋರೇಜಿನಿಂದ ಹೊರಬಂದ ಚೀಲಗಳು ವರ್ಷವಿಡೀ ಬಿಚ್ಚಿಕೊಳ್ಳುತ್ತಲೇ ಇರುತ್ತವೆ. ಫೋನಿಗೆ ಬಾಟ್ಲಿಯ ಚಿತ್ರ ಬಂದಿತ್ತು. ಸುಚಿತ್ರಾ ಉತ್ತರಿಸಲಿಲ್ಲ.

ಸುಮಯ್ಯಾಳ ಅಬ್ಬಾ ಇಸಾಕಸಾಬನ ಮನೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ಅವನು ಯಾರ್ಡಿನಲ್ಲಿ ಹಮಾಲಿ, ಜೊತೆಗೆ ಊರ ಹೊರಗೆ ಎರಡೆಕರೆ ಹೊಲ ಲಾವಣಿಗೆ ಮಾಡಿದ್ದ. ಬಾಗಿಲು ತೆರೆದೇ ಇತ್ತು. ಹೊಸ್ತಿಲ ಮೇಲೆ ಪಕ್ಕದ ಮನೆಯ ಮಂಗಳವ್ವ ಕಾವಲಿಗೆಂದು ಕೂತು, ಕೈ ಸುಮ್ಮನಿರಲೊಲ್ಲದೆ ಕುಲ್ಸುಮಬಿ ಬಿಟ್ಟುಹೋದ ಕಾಯಿಗಳ ತೊಟ್ಟು ಬಿಡಿಸುತ್ತಿದ್ದಳು.

“ಯಾರವ್ವ ನೀ?”

“ಸುಮಯ್ಯಾನ ಕಾಲೇಜಿನ ಮೇಡಂರಿ.”

“ಹೌದೇನ್ರಿ. ಬರ್ರಿ, ಕುಂದ್ರಿ. ಧಾರವಾಡಕ್ಕ ಹೋಗು ಅಂತ ಆ ಹುಡಿಗಿ ಕಿವಿ ಊದಿದವರು ನೀವ ಏನು?” ಮಂಗಳವ್ವನ ಕಣ್ಣು ಸುರಿಯುತ್ತಿದ್ದವು, ಘಾಟಿಗೋ ದುಃಖಕ್ಕೋ ತಿಳಿಯುವಂತಿರಲಿಲ್ಲ. “ಈ ಗ್ವಾಡಿ ಏನು ಗ್ವಾಡ್ಯಾ? ರಾತ್ರಿ ಎಲ್ಲಾ ಕೇಳೇನಿ ನಾ. ‘ಮದಲ ನನ್ನ ಹೂಳು, ಆಮ್ಯಾಲ ಮಗಳ ಮದಿವಿ ಮಾಡು’ ಅಂದ್ಲು. ಗಂಡಸು, ಅವನರ ಸುಮ್ಮನಿರಬೇಕಿಲ್ಲ? ‘ಆತು, ಹೂಳ್ತೇನಿ’ ಅಂದ. ಅಂದು ಬಿಟ್ಟ ನೋಡ್ರಿ. ಈಗ ದವಾಖಾನ್ಯಾಗ ತೆಲಿ ಬಡಕೊಳ್ಳಾಕತ್ತಾನಂತ.”

“ಅಡುಗೆ ಮನಿ ನೋಡಬೇಕಾಗಿತ್ರಿ,” ಎಂದಳು ಸುಚಿತ್ರಾ.

“ಅಡಗಿ ಮನ್ಯಾಗ ಏನೈತ್ರಿ? ಬಾಟ್ಲಿ ಹಿತ್ತಲದಾಗಿತ್ತು.”

ಸುಚಿತ್ರಾ ಒಳಗೆ ಹೋದಳು. ಒಲೆಯ ಮೇಲೆ ಪಲ್ಯದ ಬಾಣಲೆ ಬರಿದಾಗಿತ್ತು, ಅಂಚಿನಲ್ಲಿ ಬೆಳ್ಳುಳ್ಳಿಯ ಎಸಳೊಂದು ಕರಟಿ ಅಂಟಿಕೊಂಡಿತ್ತು. ಅದರ ಪಕ್ಕದಲ್ಲಿ ತಾಟು ಮುಚ್ಚಿದ ಬಟ್ಟಲು. ತೆಗೆದು ನೋಡಿದಳು. ಹಸಿ ಅಣಬೆಗಳು, ನಾಲ್ಕು.

“ಅವು ಮಗಳಿಗಂತ ಇಟ್ಟಾಳ್ರಿ,” ಮಂಗಳವ್ವ ಹಿಂದೆಯೇ ಬಂದಿದ್ದಳು. “‘ಸಿಟ್ಟು ಇಳದ ಮ್ಯಾಲ ಸಂಜಿಕ ಮಾಡಿ ಕೊಡ್ತೇನಿ’ ಅಂದ್ಲು ನನ್ನ ಮುಂದ. ಎಣ್ಣಿ ಕುಡಿಯಾಕಿ ಸಂಜಿ ಮಾತು ಯಾಕ ಆಡಿದ್ಲೋ ನಮ್ಮವ್ವ.”

ನೇರಳೆ ಇಳಿದುಹೋಗಿತ್ತು. ನೀರಾರಿ, ಹಳೆಯ ಸೀರೆಯಂತೆ ಬಿಳಿಚಿದ ಬಣ್ಣ. ಸುಚಿತ್ರಾ ಒಂದನ್ನು ಮಗುಚಿದಳು. ಪದರಗಳು ಒಣಗಿ ಮುದುಡಿದ್ದವು. ದಪ್ಪವೋ, ತೆಳುವೋ? ಒತ್ತಾಗಿವೆಯೋ, ಬಾಡಿದ್ದಕ್ಕೆ ಒತ್ತಿಕೊಂಡಿವೆಯೋ? ಕಾಲನ್ನು ಮುರಿದು ಮೂಗಿಗೆ ಹಿಡಿದಳು. ಮೆಣಸಿನಕಾಯಿ. ಉಸಿರು ಹೊರಬಿಟ್ಟು ಇನ್ನೊಮ್ಮೆ ಹಿಡಿದಳು. ಸೀನು ಬಂತು. ಸಾಲಾಗಿ ಐದು ಸೀನು. ಆ ಮನೆಯಲ್ಲಿ ಗೋಡೆ, ಹಾಸಿಗೆ, ನೀರಿನ ಕೊಡ ಎಲ್ಲವೂ ಒಂದೇ ವಾಸನೆಯವು. ಅಲ್ಲಿ ಮೂಲಂಗಿಯನ್ನೇ ಮೂಗಿಗೆ ಹಿಡಿದರೂ ಗೊತ್ತಾಗುತ್ತಿರಲಿಲ್ಲ.

ಕಾಲೇಜಿನ ಸೂಕ್ಷ್ಮದರ್ಶಕ ಒಂದೇ ದಾರಿ. ಬೀಜಕಣ ನೋಡಿದರೆ ಸಂಶಯ ಉಳಿಯುವುದಿಲ್ಲ. ಲಕ್ಕಾರಿಯಾದ ಬೀಜಕಣ ಗುಂಡಗೆ, ಮೈತುಂಬ ಮುಳ್ಳು. ಮೈಸಿನಾದ್ದು ಉದ್ದನೆ, ನುಣುಪು. ಅದನ್ನು ನೋಡಿದ ಮೇಲೆ ಹೇಳಿದರಾಯಿತು. ಇನ್ನೊಂದು ಎರಡು ತಾಸು. ಹೇಗೂ ಔಷಧ ನಡೆದೇ ಇದೆ. ಎರಡು ತಾಸಿನಲ್ಲಿ ಯಾರಿಗೂ ಏನೂ ಹೆಚ್ಚು ಕಡಿಮೆ ಆಗುವುದಿಲ್ಲ. ಹೀಗೆ ಲೆಕ್ಕ ಹಾಕುತ್ತ ಅಣಬೆಗಳನ್ನು ಕಾಗದದಲ್ಲಿ ಸುತ್ತುವಾಗ ಮಂಗಳವ್ವ ಕೇಳಿದಳು.

“ಅವನ್ನ ಯಾಕ ಒಯ್ತೀರಿ? ತಿನ್ನಾಕ ಬೇಕಂದ್ರ ಕುಪ್ಪೇಲೂರಾಗ ಇನ್ನೂ ಅದಾವಲ್ಲ. ಮುಮ್ತಾಜ ಅರ್ಧಾ ಮನ್ಯಾಗ ಇಟ್ಟ ಬಂದಾಳ. ಮೇಡಂ ಛಲೋ ಅಂದಾರಂತ ಫೋನ್ ಮಾಡಿ ಹೇಳಿದ್ಲು ಕುಲ್ಸುಮ, ನಾನೂ ಇದ್ದೆ. ‘ಹಂಗಾರ ನಾಳೆ ಮಧ್ಯಾಹ್ನ ಮೊಮ್ಮಕ್ಕಳಿಗೆ ಮಾಡ್ತೇನಿ’ ಅಂದ್ಲು ಆಕಿ.”

ಗೋಡೆಯ ಗಡಿಯಾರದಲ್ಲಿ ಎರಡು ಹೊಡೆಯಲು ಐದು ನಿಮಿಷವಿತ್ತು.

ಖಾತ್ರಿ, ಸೂಕ್ಷ್ಮದರ್ಶಕ, ಎರಡು ತಾಸು ಎಲ್ಲ ಒಂದೇ ಏಟಿಗೆ ಕಳಚಿ ಬಿದ್ದವು. ಸುಚಿತ್ರಾ ಸುಮಯ್ಯಾಳ ನಂಬರು ಒತ್ತಿದಳು. ಎತ್ತಲಿಲ್ಲ. ಮತ್ತೆ ಒತ್ತಿದಳು. ಎತ್ತಲಿಲ್ಲ. ಮೂರನೆಯ ಸಲಕ್ಕೆ ಎತ್ತಿದಳು.

“ಸುಮಯ್ಯಾ, ನಿಮ್ಮ ಮುಮ್ತಾಜ ಖಾಲಾಗ ಫೋನ್ ಹಚ್ಚು. ಅಣಬಿ ಯಾರೂ ತಿನಬ್ಯಾಡ್ರಿ ಅನ್ನು. ಮಕ್ಕಳಿಗೆ ಕೊಡಬ್ಯಾಡ ಅನ್ನು. ಲಗೂನ.”

“ಯಾಕ್ರಿ?”

ಖಾಲಿ ಜಾಗ ಹುಟ್ಟಿತು. ಈ ಸಲ ಅದರಲ್ಲಿ ನಿಲ್ಲಲು ಆಗಲಿಲ್ಲ.

“ಅದು ವಿಷದ್ದಿರಬಹುದು. ನಿಮ್ಮ ಅಮ್ಮಿ ಎಣ್ಣಿ ಕುಡೀದ ಇರಬಹುದು. ನಾ ಹೇಳಿದ್ದು ತಪ್ಪಿರಬಹುದು.”

ಆ ಕಡೆ ಕರೆ ಕಡಿಯಿತು.

ಮಂಗಳವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಅವಳ ಕೈಗೆ ಮೆಣಸಿನಕಾಯಿ ಮೆತ್ತಿತ್ತು, ತುಟಿ ಉರಿದರೂ ಕೈ ತೆಗೆಯಲಿಲ್ಲ. ಇಬ್ಬರೂ ಗಡಿಯಾರ ನೋಡಿದರು. ಒಂಬತ್ತು ನಿಮಿಷದ ಮೇಲೆ ಫೋನು ಬಂತು.

“ಖಾಲಾ ಮದಲ ಎತ್ತಲಿಲ್ರಿ,” ಸುಮಯ್ಯಾ ಏದುಸಿರು ಬಿಡುತ್ತಿದ್ದಳು. “ಬಾಜೂ ಮನ್ಯಾವ್ರಿಗೆ ಮಾಡಿ ಓಡಿಸೇನಿ. ಒಲಿ ಮ್ಯಾಲ ಇತ್ತಂತ್ರಿ. ಮಕ್ಕಳು ತಾಟ ಹಿಡಕೊಂಡು ಕುಂತಿದ್ವಂತ. ತಿಪ್ಪಿಗೆ ಚೆಲ್ಲ್ಯಾಳ. ಈಗ ಅದನ್ನ ಕೋಳಿ ಕೆದರಾಕತ್ತಾವು ಅಂತ ಅಳಾಕತ್ತಾಳ.”

ಮಂಗಳವ್ವ ಬಾಯಿಂದ ಕೈ ತೆಗೆದಳು.

“ಮೇಡಂ,” ಸುಮಯ್ಯಾಳ ಧ್ವನಿ ಈಗ ಬೇರೆಯಾಗಿತ್ತು. “ಇರಬಹುದು ಅಂದ್ರ ಏನ್ರಿ? ಅಬ್ಬಾಗ ಹೇಳಿದೆ. ಕುಂತಾಂವ ಎದ್ದ ನಿಂತಾನ. ಡಾಕ್ಟರಿಗೆ ಹೇಳಿದ್ರ, ಎಲ್ಲಾರ ಮನ್ಯಾಗೂ ಹಿಂಗ ಹೇಳ್ತಾರ, ಅಣಬಿ ಅಂತಾರ, ಹಳಸಿದ ಅನ್ನ ಅಂತಾರ, ಅಂದ್ರು. ಪೊಲೀಸರು ಬಂದಾರ್ರಿ, ಬರಕೊಳ್ಳಾಕ. ಖರೇನ ಅಣಬೀನ ಏನು?”

“ಒಂದೂವರಿ ತಾಸು ಕೊಡು.”

ಬಸ್ಸು ಕಾಯಲಿಲ್ಲ. ಓಣಿಯ ತುದಿಯಲ್ಲಿ ನಿಂತಿದ್ದ ಟಂಟಂ ಆಟೋದಲ್ಲಿ ಮೋಟೆಬೆನ್ನೂರಿನವರೆಗೆ ಬಂದು, ಹೆದ್ದಾರಿಯಲ್ಲಿ ಕೈ ಮಾಡಿ ದಾವಣಗೆರೆಯ ಬಸ್ಸು ಹತ್ತಿದಳು. ಕಾಗದದ ಪೊಟ್ಟಣ ತೊಡೆಯ ಮೇಲಿತ್ತು. ಕಿಟಕಿಯ ಗಾಳಿಗೆ ಮೂಗು ಒಡ್ಡಿ, ಹತ್ತು ಕಿಲೋಮೀಟರು ಸಾಗಿದ ಮೇಲೆ ಪೊಟ್ಟಣ ಬಿಚ್ಚಿ ಮತ್ತೆ ಮೂಸಿದಳು. ಮೆಣಸಿನಕಾಯಿಯೇ. ಅದು ಅಣಬೆಯೊಳಗೇ ಇಳಿದಿತ್ತು, ಅಥವಾ ಅವಳೊಳಗೆ. ಪಕ್ಕದ ಸೀಟಿನವನು ಸೀನಿ, ಅವಳನ್ನೊಮ್ಮೆ ನೋಡಿ ಎದ್ದು ಹಿಂದಕ್ಕೆ ಹೋದ.

ಕುಂತವನು ಎದ್ದು ನಿಂತಿದ್ದಾನೆ. ಆ ಮಾತು ಅವಳನ್ನು ಬಿಡಲಿಲ್ಲ. ಇಸಾಕಸಾಬನನ್ನು ಅವಳು ಒಮ್ಮೆ ನೋಡಿದ್ದಳು, ಮಗಳ ಫಲಿತಾಂಶದ ದಿನ ಪೇಢೆ ಹಿಡಿದು ಕಾಲೇಜಿನ ಗೇಟಿನಲ್ಲಿ ನಿಂತಿದ್ದವನು, ಒಳಗೆ ಬರಲು ನಾಚಿದವನು. ಈಗ ಅವನು ಒಂದು “ಇರಬಹುದು” ಎಂಬ ಮಾತನ್ನು ಹಿಡಿದುಕೊಂಡು ಎದ್ದು ನಿಂತಿದ್ದಾನೆ. ಬೀಜಕಣ ಗುಂಡಗಿದ್ದರೆ, ಮೈತುಂಬ ಮುಳ್ಳಿದ್ದರೆ, ಅವನು ಮತ್ತೆ ಕೂರಬೇಕು. ಮತ್ತೆ ಕೂತವನು ಏಳುತ್ತಾನೋ ಇಲ್ಲವೋ. ಮಧ್ಯಾಹ್ನ ಇದೇ ದಾರಿಯಲ್ಲಿ ಹೋಗುವಾಗ ತಾನು ಏನು ಬಯಸಿದ್ದೆ ಎಂಬುದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಈಗ ಬಯಸುತ್ತಿದ್ದುದು ತನ್ನ ತಪ್ಪನ್ನು. ತನ್ನದು ತಪ್ಪಾಗಿರಲಿ, ಪೂರ್ತಿ ತಪ್ಪಾಗಿರಲಿ.

ಕಾಲೇಜಿನ ಅಟೆಂಡರ್ ಕೊಟ್ರಪ್ಪ ಹಿಂದಿನ ಕ್ವಾರ್ಟರ್ಸಿನಲ್ಲಿಯೇ ಇರುತ್ತಿದ್ದ. ಬನಿಯನ್ನಿನ ಮೇಲೆ ಟವೆಲು ಹೊದ್ದು ಕೀಲಿಗೊಂಚಲು ತಂದ.

“ಐತವಾರನೂ ಬಿಡಂಗಿಲ್ಲಲ್ರಿ ಮೇಡಮ್ಮಾರ. ಕಾಯಂ ಇದ್ದವರು ವಾರದಾಗ ಬಾಗಲಾ ತಗಸಂಗಿಲ್ಲ, ನೀವು ಗೆಸ್ಟು.” ಅವಳ ಮುಖ ನೋಡಿ ನಗು ನಿಲ್ಲಿಸಿದ. “ಏನಾತ್ರಿ?”

“ಸೂಕ್ಷ್ಮದರ್ಶಕ ಬೇಕು ಕೊಟ್ರಪ್ಪ. ಛಲೋದು.”

“ಕರೆಂಟಿಂದು ಕೆಟ್ಟೈತ್ರಿ. ಕನ್ನಡೀದ ಐತಿ.”

ಕನ್ನಡಿಯದ್ದಕ್ಕೆ ಬಿಸಿಲು ಬೇಕು. ಕಿಟಕಿಯ ಹೊರಗೆ ಮೋಡ ಮುಚ್ಚಿತ್ತು. ಸುಚಿತ್ರಾ ಬ್ಲೇಡಿನಿಂದ ಪದರದ ಒಂದು ಚೂರು ತೆಗೆದು ಗಾಜಿನ ಪಟ್ಟಿಯ ಮೇಲೆ ಇಟ್ಟು ಒಂದು ಹನಿ ನೀರು ಬಿಟ್ಟಳು. ಮೇಲೆ ತೆಳುಗಾಜು ಮುಚ್ಚಿ ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ಒತ್ತಿದಳು. ನೂರಾರು ಸಲ ಮಾಡಿದ ಕೆಲಸ. ಇವತ್ತು ಮೂರು ಗಾಜು ಒಡೆದವು. ನಾಲ್ಕನೆಯದನ್ನು ಕೊಟ್ರಪ್ಪ ಹಿಡಿದುಕೊಟ್ಟ.

ಕಣ್ಣಿಟ್ಟರೆ ಬೂದು ಕತ್ತಲೆ. ಕನ್ನಡಿ ತಿರುಗಿಸಿದಳು, ಮೇಜನ್ನು ಕಿಟಕಿಗೆ ಎಳೆದಳು. ಏನೋ ತೇಲಾಡುತ್ತಿತ್ತು, ಅಂಚು ಕಾಣುತ್ತಿರಲಿಲ್ಲ. ಗುಂಡಗೇ ಇದೆಯಲ್ಲ ಅನಿಸಿತು. ಗುಂಡಗಿದೆ. ಅದು ಗಾಳಿಗುಳ್ಳೆ ಎಂದು ತಿಳಿಯಲು ಅರ್ಧ ನಿಮಿಷ ಹಿಡಿಯಿತು. ಕಣ್ಣು ತೆಗೆದು ಒರೆಸಿಕೊಂಡಳು, ಬೆರಳಿನಲ್ಲಿ ಉಳಿದಿದ್ದ ಬ್ಯಾಡಗಿ ಕಣ್ಣಿಗೆ ಹತ್ತಿತು. ಬಲಗಣ್ಣು ಉರಿಯುತ್ತ ಮುಚ್ಚಿಯೇ ಹೋಯಿತು.

“ನೀರ ಹಾಕ್ರಿ, ತಿಕ್ಕಬ್ಯಾಡ್ರಿ,” ಎಂದ ಕೊಟ್ರಪ್ಪ ಮಗ್ಗು ಹಿಡಿದು. “ಅಂಥಾದ್ದೇನೈತ್ರಿ ಅದರಾಗ?”

“ಒಬ್ಬಾಕಿ ಮರ್ಯಾದಿ ಐತಿ,” ಎಂದಳು ಸುಚಿತ್ರಾ. ಅವನಿಗೆ ತಿಳಿಯಲಿಲ್ಲ. ಆದರೂ ಅವನು ಹೊರಗೆ ಹೋಗಿ ಕಿಟಕಿಗೆ ಅಡ್ಡವಾಗಿದ್ದ ನುಗ್ಗೆಯ ಟೊಂಗೆಯನ್ನು ಎಳೆದು ಹಿಡಿದು ನಿಂತ.

ಎಡಗಣ್ಣು ಇಟ್ಟಳು. ಮೋಡ ಸ್ವಲ್ಪ ತೆಳುವಾಗಿರಬೇಕು, ವೃತ್ತ ಮೆಲ್ಲಗೆ ಬೆಳ್ಳಗಾಯಿತು. ಪದರದ ಅಂಚು, ಅದರ ಸುತ್ತ ಉದುರಿದ ಕಣಗಳು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಒಂದು ಕಣ ಸ್ಪಷ್ಟವಾಗಿ ನಿಂತಿತು. ಅಕ್ಕಿಕಾಳಿನಂತೆ ಉದ್ದ. ಮೈಯೆಲ್ಲ ನುಣುಪು. ಅದರ ಪಕ್ಕದಲ್ಲಿ ಇನ್ನೊಂದು, ಹಾಗೆಯೇ. ಇನ್ನೊಂದು. ಇಪ್ಪತ್ತು ಎಣಿಸಿದಳು. ಎಲ್ಲಿಯೂ ಮುಳ್ಳಿರಲಿಲ್ಲ, ಒಂದೂ ಗುಂಡಗಿರಲಿಲ್ಲ.

ತಾನು ಒಬ್ಬ ಹೆಂಗಸಿಗೆ ವಿಷ ತಿನ್ನಿಸಿದ್ದೇನೆ ಎಂಬುದಕ್ಕೆ ಕಣ್ಣಮುಂದೆ ಸಾಕ್ಷಿಯಿತ್ತು. ಅವಳ ಗಂಟಲಿನಿಂದ ಹೊರಟ ಸದ್ದು ಕೇಳಿ ಕೊಟ್ರಪ್ಪ ಟೊಂಗೆ ಬಿಟ್ಟು ಓಡಿ ಬಂದ. ನೋಡಿದರೆ ಮೇಡಮ್ಮಾರು ಒಂದು ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು.

ಅವಳು ಹಾವೇರಿ ತಲುಪಿದಾಗ ಐದೂವರೆ. ದಾರಿಯಲ್ಲಿ ಫೋನಿನಲ್ಲಿ ವೈದ್ಯರೊಂದಿಗೆ ಮಾತಾಡಿದ್ದಳು. ಡಾಕ್ಟರ್ ರುದ್ರಮುನಿ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನಿರಬೇಕು, ಮೊದಲು ಒರಟಾಗಿ ಕೇಳಿ, ಆಮೇಲೆ ಸುಮ್ಮನಾಗಿ, ಹೆಸರನ್ನು ಎರಡು ಸಲ ಹೇಳಿಸಿ ಬರೆದುಕೊಂಡಿದ್ದ. “ಎರಡಕ್ಕೂ ಇಂಜೆಕ್ಷನ್ ಒಂದ ಐತ್ರಿ, ಅದನ್ನ ಕೊಟ್ಟೇವಿ. ಎಣ್ಣಿ ಅಂತ ಹುಬ್ಬಳ್ಳಿಗೆ ಕಳಸಾಕ ತಯಾರಿ ಮಾಡಿದ್ದೆ. ನೀವು ಹೇಳಿದಂಗ ಇದ್ರ ನಾಳೆ ತನಕ ಇಲ್ಲೇ ಸುಧಾರಸಬೇಕು. ಆದ್ರ ಪೊಲೀಸರಿಗೆ ನೀವ ಬಂದು ಬರದು ಕೊಡಬೇಕು.”

ಅವಳು ಬರೆದುಕೊಟ್ಟಳು. ಕಾರಿಡಾರಿನ ಬೆಂಚಿನ ಮೇಲೆ ಕೂತು, ಪೊಲೀಸಿನವನ ಪ್ಯಾಡಿನ ಮೇಲೆ, ಶನಿವಾರ ಸಂಜೆ ಚಿತ್ರವೊಂದನ್ನು ನೋಡಿ, ಅಣಬೆಯ ಅಡಿಭಾಗವನ್ನು ಪರೀಕ್ಷಿಸದೆ, ತಿನ್ನಬಹುದು ಎಂದು ತಿಳಿಸಿದವಳು ನಾನೇ ಎಂದು. ಸಹಿಯ ಕೆಳಗೆ ಕಾಲೇಜಿನ ಹೆಸರು ಬರೆಯುವಾಗ ಕೈ ಒಮ್ಮೆ ನಿಂತಿತು. ಮುಂದಿನ ವರ್ಷ ಅತಿಥಿಯಾಗಿಯೂ ಕರೆಯದೆ ಇರಬಹುದು. ಬರೆದಳು.

ಇಸಾಕಸಾಬ ಎದುರಿಗೆ ನಿಂತಿದ್ದ. ಅವನು ಬೈಯುತ್ತಾನೆ ಎಂದು ಅವಳು ಕಾಯುತ್ತಿದ್ದಳು.

“ಅಕ್ಕಾರ, ಎಣ್ಣಿ ಅಲ್ಲಲ್ಲ?”

“ಅಲ್ರಿ ಚಾಚಾ. ಅಣಬಿ. ತಪ್ಪು ನಂದು.”

“ಆಕಿ ತಾನಾಗಿ ಏನೂ ಮಾಡ್ಕೊಂಡಿಲ್ಲಲ್ಲ?”

“ಇಲ್ರಿ.”

ಅವನು ತಲೆಯ ಟೋಪಿ ತೆಗೆದು ಮುಖ ಒರೆಸಿಕೊಂಡ. ಬಾಗಿಲ ಬಳಿ ಯಾರ್ಡಿನ ನಾಲ್ಕೈದು ಹಮಾಲರು, ಓಣಿಯ ಇಬ್ಬರು ಹೆಂಗಸರು ನಿಂತಿದ್ದರು. “ಇವರಿಗೂ ಒಮ್ಮೆ ಹೇಳ್ರಿ,” ಎಂದ. ಅವಳು ಹೇಳಿದಳು. ಇನ್ನೊಬ್ಬ ಬಂದ. “ಇವನಿಗೂ ಹೇಳ್ರಿ ಅಕ್ಕಾರ, ಇಂವ ಊರಿಗೆಲ್ಲಾ ಹೇಳಾಂವ.” ಅವಳು ಮತ್ತೆ ಹೇಳಿದಳು. ತಪ್ಪು ನಂದು ಎನ್ನುವ ಮಾತು ಪ್ರತಿ ಸಲವೂ ಅಷ್ಟೇ ಭಾರವಿತ್ತು.

ಒಳಗೆ ಕುಲ್ಸುಮಬಿಗೆ ಎಚ್ಚರವಾಗಿತ್ತು. ಔಷಧಕ್ಕೆ ಬಾಯಿ ಒಣಗಿ ಮಾತು ತೊದಲುತ್ತಿತ್ತು, ಆದರೂ ಗಂಡನನ್ನು ಕಂಡ ಕೂಡಲೇ ಶುರುಮಾಡಿದಳು. “ನಿನ್ನ ಸಲುವಾಗಿ ನಾ ಎಣ್ಣಿ ಕುಡೀತೇನೇನು? ಅಷ್ಟು ದೊಡ್ಡಾಂವ ಅದೀಯೇನು ನೀ?” ಇಸಾಕಸಾಬ, “ಇಲ್ಲ ಬಿಡು, ಇಲ್ಲ ಬಿಡು” ಎನ್ನುತ್ತ ಚಮಚದಿಂದ ನೀರು ಹಾಕಿದ.

ಸುಮಯ್ಯಾ ಬೆಂಚಿನ ಇನ್ನೊಂದು ತುದಿಗೆ ಬಂದು ಕೂತಳು.

“ಮೇಡಂ, ಹನ್ನೆರಡೂವರಿಗೆ ಅಣಬಿ ತಿಂದಾಳ ಅಂತ ನಾ ಹೇಳಿದೆ. ನಿಮಗ ಆವಾಗ ಸಂಶೆ ಬಂದಿತ್ತು?”

“ಬಂದಿತ್ತು.”

“ಎರಡರ ತನಕಾ ಯಾಕ ಹೇಳಲಿಲ್ರಿ?”

“ಖಾತ್ರಿ ಇರಲಿಲ್ಲ.”

“ನಿನ್ನಿ ಖಾತ್ರಿ ಇತ್ತೇನ್ರಿ?”

“ಇರಲಿಲ್ಲ. ಅಂಜಿದ್ದೆ, ಸುಮಯ್ಯಾ. ಅದಕ್ಕ ಹೇಳಲಿಲ್ಲ.”

ಸುಮಯ್ಯಾ ತಲೆಯಾಡಿಸಲಿಲ್ಲ, ಇರಲಿ ಬಿಡ್ರಿ ಎನ್ನಲೂ ಇಲ್ಲ. ಅವಳ ಕೈಯಲ್ಲಿ ಫೋನು ನಡುಗತೊಡಗಿತು. ನೋಡಿದಳು. “ಖಾಲಾ. ಎಂಟನೇ ಸಲ. ‘ನಾನ ತಂದಿದ್ದು, ನಾನ ಅಕ್ಕನ್ನ ಕೊಂದಿದ್ದೆ’ ಅಂತ ಒಂದ ಸವನ ಅಳಾಕತ್ತಾಳ. ನಾ ಹೇಳಿದ್ರ ಕೇಳವಲ್ಲಳು.” ಫೋನನ್ನು ಬೆಂಚಿನ ಮೇಲೆ ಸುಚಿತ್ರಾಳ ಕಡೆಗೆ ಸರಿಸಿದಳು. “ನೀವ ಹೇಳ್ರಿ.”

ಸುಚಿತ್ರಾ ಫೋನು ಎತ್ತಿಕೊಂಡಳು. “ಹಲೋ,” ಎಂದಳು. “ನಾನ್ರಿ, ಸುಚಿತ್ರಾ. ತಿನ್ನಬಹುದು ಅಂದಾಕಿ.”